ಫೋಟೋದ ಎಡ ತುದಿ

ಜೂನ್ 11

ಗುಬ್ಬಿ,

ನಾನು ಚೆನ್ನಾಗಿಲ್ಲ. ನೀನು ಚೆನ್ನಾಗಿದ್ದೀಯ ಅನ್ನೋದನ್ನ ನಿನ್ನೆ ನಮ್ಮ ಸ್ಕೂಲ್ ಹಾಲ್‌ನಲ್ಲಿ, ಗೋಡೆಯಷ್ಟಗಲ ಪರದೆ ಮೇಲೆ, ಕಣ್ಣಾರೆ ನೋಡಿದೆ. ಫೋನ್ ಮಾಡಬಹುದಿತ್ತು. ಆದರೆ ಫೋನ್‌ನಲ್ಲಿ ನೀನು ಯಾವತ್ತು ನನ್ನ ಒಂದು ಮಾತು ಪೂರ್ತಿ ಮುಗಿಸೋಕೆ ಬಿಟ್ಟಿದ್ದೀಯ? ಕಾಗದದ ಮಧ್ಯ ಬಾಯಿ ಹಾಕೋಕೆ ಆಗಲ್ಲ ನೋಡು, ಅದಕ್ಕೇ ಬರೀತಿದ್ದೀನಿ. ಉತ್ತರಾನೂ ಕಾಗದದಲ್ಲೇ ಬರಲಿ.

ಟೀಚರುಗಳಿಗೆಲ್ಲ ಎರಡು ದಿನದ ಟ್ರೇನಿಂಗ್ ಇತ್ತು. ತರಗತಿಯಲ್ಲಿ ಬಣ್ಣ ಮತ್ತು ಜನಾಂಗ ಭೇದ ಅಂತ ವಿಷಯ. ಯಾರೂ ತಪ್ಪಿಸಿಕೊಳ್ಳೋ ಹಾಗಿಲ್ಲ, ಬೆಳಿಗ್ಗೆ ಒಂದು ಸಹಿ, ಸಂಜೆ ಒಂದು ಸಹಿ. ನನಗೋ ಮುಂದಿನ ಹಲ್ಲೊಂದು ಅಲ್ಲಾಡ್ತಿದೆ, ನೋವು. ಕೊನೇ ಸಾಲಲ್ಲಿ ಕೂತು ಕೆನ್ನೆ ಒತ್ತಿಕೊಂಡಿದ್ದೆ. ಟ್ರೇನಿಂಗಿಗೆ ಬಂದಾತ ಲೈಟ್ ಆರಿಸಿ, "ಈ ವಿಷಯದಲ್ಲಿ ದೊಡ್ಡ ಹೆಸರು ಮಾಡಿರೋ ಮೇಡಂ ಮಾತಾಡಿದ್ದನ್ನ ತೋರಿಸ್ತೀನಿ" ಅಂದ. ನೋಡಿದ್ರೆ ನೀನು! ನಾನು ಕೊಟ್ಟ ಬೂದು ಶಾಲು ಹೊದ್ಕೊಂಡಿದ್ದೆ.

ಪಕ್ಕದಲ್ಲಿದ್ದ ಸೈನ್ಸ್ ಮಿಸ್‌ಗೆ ಹೇಳೋಣ ಅನ್ನಿಸ್ತು, ನನ್ನ ತಂಗಿ ಅಂತ. ಅಷ್ಟರಲ್ಲಿ ನೀನು ಫೋಟೋ ಹಾಕಿದೆ. ನಮ್ಮ ಸ್ಕೂಲಿನ ಹಳೇ ಫೋಟೋ, ಅಮ್ಮನ ಟ್ರಂಕಲ್ಲಿ ಇರೋದು. ಮೆಟ್ಟಿಲ ಮೇಲೆ ನಲವತ್ತು ಮಕ್ಕಳು. "ಇಲ್ಲಿ ಕಣ್ಣು ಮುಚ್ಚಿಕೊಂಡಿರೋಳು ನಮ್ಮಕ್ಕ, ಫೋಟೋ ತೆಗೆಯೋವಾಗಲೂ ನಿದ್ದೆ" ಅಂದೆ. ಹಾಲ್ ಪೂರ್ತಿ ನಕ್ಕಿತು. ಹನ್ನೆರಡು ವರ್ಷದ ಮುಖ, ಯಾರಿಗೂ ನನ್ನ ಗುರುತು ಸಿಗಲಿಲ್ಲ.

ಆಮೇಲೆ ಕಡ್ಡಿ ಹಿಡಿದು ಎಡ ತುದಿ ತೋರಿಸಿದೆ. ಅಲ್ಲೊಂದು ಬಿಳಿ ಬಟ್ಟೆಯ ಮೂಲೆ, ಅದನ್ನ ಹಿಡಿದಿರೋ ನಾಲ್ಕು ಕಪ್ಪು ಬೆರಳು. "ಈ ಬೆರಳಿನ ಹುಡುಗಿಯ ಅಪ್ಪ ಅಮ್ಮ ಬೇರೆ ದೇಶದಿಂದ ದುಡಿಯೋಕೆ ಬಂದವರು. ಕಪ್ಪು ಮೈ, ಗುಂಗುರು ಕೂದಲು. ಬಿಸಿಲು ಬೆನ್ನಿಗಿತ್ತು. ಫೋಟೋಗ್ರಾಫರ್ ನಮ್ಮ ಮುಖಕ್ಕೆ ಬೆಳಕು ಬೀಳೋ ಹಾಗೆ ಬಿಳಿ ಬಟ್ಟೆ ಹಿಡಿಯೋಕೆ ಒಬ್ಬರು ಬೇಕು ಅಂದ. ಆಗ ಒಬ್ಬಳು ಹೇಳಿದಳು, 'ಅವಳು ಹಿಡೀಲಿ, ಅವಳು ನಿಂತ್ರೆ ಫೋಟೋನೇ ಕತ್ತಲಾಗತ್ತೆ' ಅಂತ. ಎಲ್ಲರೂ ನಕ್ಕರು. ಅವಳು ಅಳ್ತಾ ಹೋಗಿ ಬಟ್ಟೆ ಹಿಡಿದು ನಿಂತಳು. ಆ ಮಾತು ಹೇಳಿದವಳು ನಾನು." ಹೀಗಂದು ನೀನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡೆ.

ನಮ್ಮ ಹೆಡ್‌ಮಿಸ್ ಅತ್ತರು ಕಣೇ. ಮಾರ್ಕ್ಸ್ ಕಾರ್ಡ್ ಕಳೆದು ಹೋದಾಗ್ಲೂ ಅಳದ ಹೆಂಗಸು. ಲೈಟ್ ಹಾಕಿದ ಮೇಲೂ ಚಪ್ಪಾಳೆ ನಿಲ್ಲಲಿಲ್ಲ, ನಾನೂ ತಟ್ಟಿದೆ.

ನೀನು ಮರೆತಿರಬಹುದು. ಆಗ ನಿನಗೆ ಒಂಬತ್ತು ವರ್ಷ, ಮೂಗು ಸೋರಿಸ್ಕೊಂಡು ಎರಡನೇ ಮೆಟ್ಟಿಲ ಮೇಲೆ ಕೂತಿದ್ದೆ. ಆ ಮಾತು ಹೇಳಿದವಳು ಏಳನೇ ಕ್ಲಾಸಿನ ಲೀಡರ್. ಅಂದ್ರೆ ನಾನು.

ಅಕ್ಕ


ಜೂನ್ 19

ನನ್ನ ಮುದ್ದು ಅಕ್ಕಾ,

ನಿನ್ನ ಅಕ್ಷರ ನೋಡಿ ಎಷ್ಟು ದಿನ ಆಗಿತ್ತು! ಕವರ್ ಮೇಲೆ ನನ್ನ ಹೆಸರಿನ ಕೆಳಗೆ ಸ್ಕೇಲ್ ಇಟ್ಟು ಗೆರೆ ಎಳೆದಿದ್ದೀಯ, ಹಾಜರಿ ಪುಸ್ತಕದ ಥರ. ಆಫೀಸಲ್ಲಿ ಎಲ್ಲರಿಗೂ ತೋರಿಸಿದೆ.

ವಿಡಿಯೋ ನೋಡಿ ನೀನು ಇಷ್ಟು ಅಲ್ಲಾಡಿ ಹೋಗಿದ್ದೀಯಲ್ಲ, ಅದು ತುಂಬ ಒಳ್ಳೇದು ಅಕ್ಕ. ನಾವು ಅದನ್ನೇ ಬಯಸೋದು. ಮೊದಲು ಸಿಟ್ಟು ಬರತ್ತೆ, ಆಮೇಲೆ ನಾಚಿಕೆ, ಆಮೇಲೆ ಹೊಣೆ. ನೀನೀಗ ಮೊದಲನೇ ಮೆಟ್ಟಿಲಲ್ಲಿದ್ದೀಯ. ನಿಧಾನಕ್ಕೆ ಹತ್ತು, ಅವಸರ ಇಲ್ಲ.

ಯಾರು ಹೇಳಿದ್ದು ಅನ್ನೋದು ಅಷ್ಟು ದೊಡ್ಡ ವಿಷಯ ಅಲ್ಲ. ನನಗೆ ಮರೆತಿಲ್ಲ, ನೀನೇ ಹೇಳಿದ್ದು ಅಂತ ಗೊತ್ತು. ಆದರೆ "ನಮ್ಮಕ್ಕ ಹೇಳಿದಳು" ಅಂತ ವೇದಿಕೆ ಮೇಲೆ ಹೇಳಿದ್ರೆ ಅದು ಚಾಡಿ ಆಗತ್ತೆ. "ನಾನು ಹೇಳಿದೆ" ಅಂದ್ರೆ ಎದುರಿಗೆ ಕೂತವರು ತಮ್ಮ ತಮ್ಮ ಎದೆ ಮುಟ್ಟಿ ನೋಡ್ಕೊಳ್ತಾರೆ. ನಿನ್ನ ಮಾನಾನೂ ಉಳೀತು. ನೀನು ಇನ್ನೂ ಪಾಠ ಮಾಡೋಳು, ಮಕ್ಕಳ ಮುಂದೆ ನಿಲ್ಲಬೇಕಾದವಳು. ಯೋಚನೆ ಮಾಡಿಯೇ ಹಾಗೆ ಮಾಡಿದ್ದು.

ಈಗ ಒಂದು ಸಿಹಿ ಸುದ್ದಿ. ನನ್ನ ಆ ಪ್ರಸಂಗ ಟೀಚರ್ ಟ್ರೇನಿಂಗಿನ ಹೊಸ ಪುಸ್ತಕದಲ್ಲಿ ಮೊದಲನೇ ಪಾಠವಾಗಿ ಬರ್ತಿದೆ! "ಬಟ್ಟೆ ಹಿಡಿದವಳು" ಅಂತ ಹೆಸರಿಟ್ಟಿದ್ದೀನಿ. ಆದರೆ ನನ್ನ ಹತ್ತಿರ ಇರೋದು ನಿಮ್ಮ ಮನೆಗೆ ಬಂದಾಗ ಮೊಬೈಲಲ್ಲಿ ತೆಗೆದುಕೊಂಡದ್ದು, ಅಚ್ಚಿಗೆ ಸಾಲದು. ಟ್ರಂಕಲ್ಲಿರೋ ಅಸಲಿ ಫೋಟೋ ಗಟ್ಟಿ ರಟ್ಟಿನ ಮಧ್ಯ ಇಟ್ಟು ಜುಲೈ ಹತ್ತರೊಳಗೆ ಕಳಿಸ್ತೀಯಾ? ಮಡಚಬೇಡ ಮತ್ತೆ.

ಹಲ್ಲು ತೋರಿಸ್ಕೋ. ನೀನು ಯಾವತ್ತೂ ಡಾಕ್ಟರ ಹತ್ತಿರ ಹೋಗೋದು ನೋವು ತಲೆಗೇರಿದ ಮೇಲೇನೇ.

ನಿನ್ನ ಗುಬ್ಬಿ


ಜೂನ್ 25

ಗುಬ್ಬಿ,

ಹಲ್ಲು ಕೀಳಿಸಿಕೊಂಡು ಬಂದೆ. ಮುಂದುಗಡೆ ಕಿಟಕಿ ತೆಗೆದ ಹಾಗಾಗಿದೆ, ಮಕ್ಕಳು ನಗ್ತಾರೆ ಅಂತ ಬಾಯಿಗೆ ಸೆರಗು ಹಿಡ್ಕೊಂಡು ಪಾಠ ಮಾಡ್ತಿದ್ದೀನಿ. ಹಾಗಾಗಿ ಈ ಕಾಗದದಲ್ಲಿ ಸಿಹಿ ಹುಡುಕಬೇಡ.

ನಾನು ಮೊದಲನೇ ಮೆಟ್ಟಿಲಲ್ಲಿದ್ದೀನಾ? ಅಯ್ಯೋ ನಿನ್ನ! ನಿನಗೆ ಮಗ್ಗಿ ಹೇಳಿಕೊಟ್ಟವಳು ನಾನು ಕಣೇ. ಕುಂಬಳಕಾಯಿ ಕದ್ದವಳು ನಾನು, ಊರ ಮುಂದೆ ಹೆಗಲು ಮುಟ್ಟಿ ನೋಡ್ಕೊಳ್ತಿರೋಳು ನೀನು. ಊರೋ, "ಆಹಾ, ಎಂಥಾ ಹೆಗಲು" ಅಂತ ಹಾರ ಹಾಕ್ತಿದೆ.

ನನ್ನ ಮಾನ ಉಳಿಸಿದೆ ಅಂತೀಯ. ಕೇಳಿಕೊಂಡಿದ್ದೆನಾ? ನಿಜ ಹೇಳ್ತೀನಿ, ಬೇಕಿದ್ರೆ ನಗು. ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳೋದೇನಿದೆ. ಚಿಕ್ಕವಳಿದ್ದಾಗ ನನ್ನ ಹಳೇ ಲಂಗ ಹಾಕ್ಕೊಂಡ್ರೂ ನಿನಗೇ ಚೆಂದ ಕಾಣ್ತಿತ್ತು, "ದೊಡ್ಡವಳಿಗಿಂತ ಇವಳಿಗೇ ಒಪ್ಪತ್ತೆ" ಅಂತ ಅತ್ತೆ ಎದುರಿಗೇ ಅನ್ನೋರು. ಈಗ ನನ್ನ ಪಾಪಾನೂ ನಿನಗೇ ಒಪ್ಪತ್ತೆ. ನಾನು ಅದನ್ನ ನಲವತ್ತೆರಡು ವರ್ಷ ಒಳಗೆ ಇಟ್ಕೊಂಡು ಕೂತಿದ್ದೆ. ಎಷ್ಟು ಸಲ ನೆನೆಸಿಕೊಂಡಿದ್ದೀನಿ ಅಂತ ನಿನಗೇನು ಗೊತ್ತು. ನೀನು ಬಂದೆ, ಎತ್ತಿಕೊಂಡೆ, ತೊಳೆದು ಒರೆಸಿ ಮೈಕ್ ಮುಂದೆ ಇಟ್ಟೆ. ನಾಳೆ ಯಾರಾದ್ರೂ ಕೇಳಿದಾಗ ಆ ಮಾತು ನನ್ನದು ಅಂತ ಬಾಯಿ ಬಿಟ್ರೆ, ತಂಗಿಯ ಹೆಸರು ನೋಡಿ ಇವಳಿಗೂ ಆಸೆ ಹುಟ್ಟಿದೆ ಅಂತ ನಗ್ತಾರೆ.

ಫೋಟೋ ಕೊಡಲ್ಲ. ಪುಸ್ತಕದಲ್ಲಿ ಆ ಸಾಲು ತಿದ್ದು. "ಆ ಮಾತು ಹೇಳಿದವಳು ನನ್ನ ಅಕ್ಕ, ಈಗ ಟೀಚರು" ಅಂತ ಹಾಕು. ಜನ ನನ್ನ ಮುಖಕ್ಕೆ ಉಗಿದ್ರೂ ಪರವಾಗಿಲ್ಲ, ನನ್ನ ಮುಖಕ್ಕೇ ಉಗೀಲಿ. ಹಾಗೆ ಬರೆದು ತೋರಿಸಿದ ದಿನ ಫೋಟೋ ಬರತ್ತೆ, ರಟ್ಟಿನ ಮಧ್ಯ ಇಟ್ಟು, ಮಡಚದೆ.

ಅಕ್ಕ


ಜುಲೈ 2

ಅಕ್ಕ,

ಎರಡು ಸಲ ಬರೆದು ಹರಿದು ಹಾಕಿದೆ, ಇದು ಮೂರನೇದು.

ನಲವತ್ತೆರಡು ವರ್ಷ ಒಳಗೆ ಇಟ್ಕೊಂಡಿದ್ದೆ ಅಂತೀಯ. ಇಟ್ಕೊಂಡು ಏನು ಮಾಡಿದೆ? ಒಬ್ಬರ ಹತ್ತಿರಾನಾದ್ರೂ ಹೇಳಿದೆಯಾ? ಭಾವನಿಗೆ? ಅಮ್ಮನಿಗೆ? ಆ ಹುಡುಗಿಗೆ? ಬಾವಿಯಲ್ಲಿ ಬಿದ್ದಿದ್ದ ಕೊಡ ಅದು. ನಾನು ಮೇಲೆತ್ತಿದೆ, ಜನ ನೀರು ಕುಡಿದ್ರು. ಈಗ ಬಂದು ಕೊಡ ನನ್ನದು ಅಂತೀಯ. ಆ ವಿಡಿಯೋ ನೋಡಿ ಎಷ್ಟು ಜನ ಟೀಚರುಗಳು ನನಗೆ ಕಾಗದ ಬರೆದಿದ್ದಾರೆ ಗೊತ್ತಾ? ತಮ್ಮ ಕ್ಲಾಸಲ್ಲಿ ಯಾರಿಗೆ ಏನಂದ್ವಿ ಅಂತ ಒಬ್ಬೊಬ್ಬರೂ ಎರಡೆರಡು ಪುಟ. ಅದು ಸುಳ್ಳಾ? ನೀನು ಬಾಯಿ ಮುಚ್ಚಿಕೊಂಡು ಇಟ್ಟಿದ್ದ ನಿಜಕ್ಕಿಂತ ನನ್ನ ಸುಳ್ಳೇ ಹೆಚ್ಚು ಕೆಲಸ ಮಾಡಿದೆ.

ಇನ್ನೊಂದು ವಿಷಯ. ಯಾರಿಗೂ ಹೇಳಿಲ್ಲ, ನಿನಗೂ ಹೇಳಬಾರದು ಅಂದುಕೊಂಡಿದ್ದೆ. ಆ ಬಿಳಿ ಬಟ್ಟೆ ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಯೋಚನೆ ಮಾಡಿದ್ದೀಯಾ? ಫೋಟೋಗ್ರಾಫರ್ ತಂದಿರಲಿಲ್ಲ. ನಾನು ಮನೆಗೆ ಓಡಿ ಹೋಗಿ ಅಮ್ಮ ಒಗೆದು ಒಣಹಾಕಿದ್ದ ಹಾಸಿಗೆ ಬಟ್ಟೆ ಎಳ್ಕೊಂಡು ಬಂದೆ, ಅಮ್ಮನ ಹತ್ತಿರ ಏಟೂ ತಿಂದೆ. ಯಾಕೆ ಓಡಿದೆ ಗೊತ್ತಾ? ನೀನು ಆ ಮಾತು ಹೇಳಿದೆ, ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು, ಮೇಷ್ಟರೂ ನಕ್ಕರು. ಎಲ್ಲರೂ ನಿನ್ನನ್ನೇ ನೋಡಿದ್ರು. ನನಗೆ ಆ ಹುಡುಗಿ ಬಗ್ಗೆ ಅಯ್ಯೋ ಅನ್ನಿಸಲಿಲ್ಲ ಅಕ್ಕ. ಆ ಮಾತು ನನಗೆ ಯಾಕೆ ಮೊದಲು ಹೊಳೀಲಿಲ್ಲ ಅನ್ನಿಸ್ತು. ಆ ನಗು ನನಗೆ ಬೇಕಿತ್ತು. ಹೊಟ್ಟೆಕಿಚ್ಚು ನಿನಗೊಬ್ಬಳಿಗೇ ಅಂತ ತಿಳ್ಕೋಬೇಡ.

ಸಾಲು ತಿದ್ದಲ್ಲ. ಅಷ್ಟು ಬೇಕಿದ್ರೆ ಹೋಗಿ ಅವಳನ್ನೇ ಕೇಳು, ಪಾಪ ನಮ್ಮಿಬ್ಬರಲ್ಲಿ ಯಾರದು ಅಂತ. ಅವಳು ಎಲ್ಲಿದ್ದಾಳೆ ಅಂತ ನನಗೆ ಮೂರು ವರ್ಷದಿಂದ ಗೊತ್ತು. ಕಟ್ಟು ಹಲ್ಲು ಮಾಡ್ತಾಳೆ, ಸ್ವಂತ ಅಂಗಡಿ. ವಿಳಾಸ ಹಿಂಭಾಗದಲ್ಲಿ ಬರೆದಿದ್ದೀನಿ, ನಿಮ್ಮೂರಿಂದ ಬಸ್ಸಲ್ಲಿ ಎರಡು ಗಂಟೆ. ನಿನಗೆ ಹಲ್ಲೂ ಬೇಕಲ್ಲ, ಒಂದೇ ಸಲ ಎರಡೂ ಕೆಲಸ ಆಗತ್ತೆ.

ಗುಬ್ಬಿ


ಜುಲೈ 7

ಗುಬ್ಬಿ,

ಹೋಗಿ ಬಂದೆ.

ನೀನು ಸಿಟ್ಟಲ್ಲಿ ವಿಳಾಸ ಬರೆದೆ, ನಾನು ಹೋಗಲ್ಲ ಅಂದುಕೊಂಡೇ ಬರೆದೆ ಅಂತ ಗೊತ್ತು. ನಿನ್ನ ಕಾಗದ ಬಂದ ಮಾರನೇ ದಿನವೇ ರಜೆ ಹಾಕಿ ಹೊರಟೆ. ಒಳ್ಳೇ ಮನಸ್ಸಿಂದ ಹೋದೆ ಅಂತ ತಿಳ್ಕೋಬೇಡ. ನಿನಗಿಂತ ಮುಂಚೆ ನಾನು ಅವಳ ಮುಂದೆ ನಿಲ್ಲಬೇಕು, ನಿನಗೆ ಸಿಗೋ ಮುಂಚೆ ಕ್ಷಮೆ ನನಗೆ ಸಿಗಬೇಕು, ಅಷ್ಟೇ ಇದ್ದದ್ದು ತಲೆಯಲ್ಲಿ. ಹೇಳಬೇಕಾದ ಮಾತನ್ನ ಬಸ್ಸಲ್ಲಿ ಬಾಯಿಪಾಠ ಮಾಡಿಕೊಂಡೆ. ಪಕ್ಕದಲ್ಲಿ ಕೂತಿದ್ದವಳು ಮಣಮಣ ಕೇಳಿ ಎದ್ದು ಬೇರೆ ಸೀಟಿಗೆ ಹೋದಳು.

ಮೊದಲನೇ ಮಹಡಿ. ಒಳಗೆ ಸುಣ್ಣದ ಹಿಟ್ಟಿನ ವಾಸನೆ, ಕಪಾಟಿನ ತುಂಬ ಬೇರೆ ಬೇರೆಯವರ ಬಾಯಿಯ ಅಚ್ಚು, ಒಂದೊಂದರ ಮೇಲೂ ಪೆನ್ಸಿಲ್‌ನಲ್ಲಿ ಹೆಸರು. ಇಬ್ಬರು ಹುಡುಗಿಯರು ಮೆಷಿನ್ನಿಗೆ ಹಲ್ಲು ಹಿಡಿದು ಉಜ್ಜುತ್ತಿದ್ದರು. ಅವಳು ಕಿಟಕಿ ಪಕ್ಕ ಕೂತಿದ್ದಳು. ಅದೇ ಗುಂಗುರು ಕೂದಲು, ಕತ್ತರಿಸಿದ್ದಾಳೆ, ನನ್ನ ಹಾಗೇ ನರೆತಿದೆ. ನಾನು ಬಾಯಿ ತೆಗೆದು, "ನೋಡಿ, ನಾನು" ಅನ್ನೋಷ್ಟರಲ್ಲಿ, "ಡಾಕ್ಟರ ಚೀಟಿ ಇದೆಯಾ? ಕೂತ್ಕೊಳ್ಳಿ, ದೊಡ್ಡದಾಗಿ ಬಾಯಿ ತೆಗೀರಿ" ಅಂದು, ಅಚ್ಚು ತೆಗೆಯೋ ತಟ್ಟೆಗೆ ಗುಲಾಬಿ ಬಣ್ಣದ ಹಿಟ್ಟು ತುಂಬಿ ಬಾಯಿಗೆ ಒತ್ತಿಬಿಟ್ಟಳು. "ಮೂರು ನಿಮಿಷ. ಅಲ್ಲಾಡಬೇಡಿ, ಮಾತಾಡಬೇಡಿ, ಮೂಗಲ್ಲಿ ಉಸಿರಾಡಿ."

ನಲವತ್ತೆರಡು ವರ್ಷದ ಮಾತು ಕಣೇ! ಗಂಟಲ ತನಕ ಬಂದದ್ದು ಹಿಟ್ಟಿನ ಹಿಂದೆ ಸಿಕ್ಕಿಕೊಂಡಿತು. ಜೊಲ್ಲು ಸೋರಿಸ್ಕೊಂಡು ಕಣ್ಣು ಪಿಳಿಪಿಳಿ ಬಿಡ್ತಾ ಕೂತೆ. ಆಗ ಅವಳು ಗಡಿಯಾರ ನೋಡ್ತಾ ತಣ್ಣಗೆ ಕೇಳಿದಳು, "ಏಳನೇ ಕ್ಲಾಸಿನ ಲೀಡರ್ ಅಲ್ವಾ ನೀವು? ಮೆಟ್ಟಿಲು ಹತ್ತುವಾಗಲೇ ಗೊತ್ತಾಯ್ತು. ಗದ್ದ ಈಗಲೂ ಹಾಗೇ ಎತ್ತಿಕೊಂಡು ನಡೀತೀರಿ."

ಮೂರು ನಿಮಿಷವೂ ಅವಳೇ ಮಾತಾಡಿದಳು. ನಿನ್ನ ಬಗ್ಗೇನೂ ಹೇಳಿದಳು. ನೀನು ಮೂರು ಸಲ ಎದುರು ಫುಟ್‌ಪಾತಿನಲ್ಲಿ ನಿಂತು ಬೋರ್ಡ್ ನೋಡಿ ವಾಪಸ್ ಹೋಗಿದ್ದೀಯಂತೆ. "ಬೂದು ಶಾಲು, ಹೆದರಿದ ಮುಖ. ಹಲ್ಲು ನೋವಿನವರು ಹಾಗೇ ನಿಲ್ಲೋದು, ಅದಕ್ಕೇ ಮೊದಲ ಸಲ ಗುರುತು ಸಿಗಲಿಲ್ಲ" ಅಂದಳು. ವಿಡಿಯೋ ಅವಳ ಮಗಳು ಕಾಲೇಜಲ್ಲಿ ನೋಡಿದಾಳೆ. ಮನೆಗೆ ಬಂದು, "ಅಮ್ಮಾ, ಯಾವಳೋ ಪಾಪದ ಹುಡುಗಿ ಕಥೆ" ಅಂತ ಅತ್ತಳಂತೆ. "ಆ ಪಾಪದ ಹುಡುಗಿ ಇಲ್ಲೇ ಇದ್ದೀನಿ, ಕೈ ತೊಳ್ಕೊಂಡು ಊಟಕ್ಕೆ ಬಾ ಅಂದೆ" ಅಂದಳು. ಮೆಷಿನ್ನಿನ ಹತ್ತಿರ ಇದ್ದ ಹುಡುಗಿಯರು ಕಿಸಕ್ಕನೆ ನಕ್ಕರು.

ಅವಳು ಅವತ್ತು ಅಳಲಿಲ್ಲವಂತೆ ಗುಬ್ಬಿ. ಅದನ್ನ ನೀನು ಸೇರಿಸಿದ್ದು. ಬಟ್ಟೆ ಒದ್ದೆ ಇತ್ತಂತೆ, ಭಾರ, ತೋಳು ಸೇದು ಹೋಗ್ತಿತ್ತಂತೆ. ಹೇಗೆ ಓರೆ ಹಿಡೀಬೇಕು ಅಂತ ಫೋಟೋಗ್ರಾಫರ್ ತೋರಿಸಿಕೊಟ್ಟ. ಅವಳು ಬಟ್ಟೆ ಚೂರು ಅಲ್ಲಾಡಿಸಿದ್ರೆ ನಮ್ಮ ಮುಖದ ಮೇಲಿನ ಬೆಳಕೂ ಅಲ್ಲಾಡ್ತಿತ್ತಂತೆ. "ಸರಿಯಾಗಿ ಅವನು ಗುಂಡಿ ಒತ್ತೋ ಹೊತ್ತಿಗೆ ಬಿಸಿಲು ಪೂರ್ತಿ ನಿಮ್ಮ ಕಣ್ಣಿಗೆ ಬಿಟ್ಟೆ. ಫೋಟೋದಲ್ಲಿ ಕಣ್ಣು ಮುಚ್ಚಿದ್ದೀರಲ್ಲ, ಅದು ನನ್ನ ಕೆಲಸ" ಅಂದಳು. ನನಗೆ ಆ ಹಿಟ್ಟಿನ ಮಧ್ಯಾನೂ ನಗು ಬಂತು, ಹಿಟ್ಟು ಗಂಟಲಿಗೆ ಹೋಗಿ ಕೆಮ್ಮಿದೆ. "ಅಲ್ಲಾಡಬೇಡಿ ಅಂದಿದ್ದೆ" ಅಂತ ಬೈದಳು.

ಆಮೇಲೆ ಮುಖ ತಿರುಗಿಸಿಕೊಂಡು ಇನ್ನೊಂದು ಮಾತು ಹೇಳಿದಳು. "ಆ ದಿನದ ಮೇಲೆ ಎಲ್ಲಿ ಫೋಟೋ ಅಂದ್ರೂ ನನ್ನ ಕಾಲು ತಾನಾಗಿ ತುದಿಗೆ ಹೋಗತ್ತೆ. ನನ್ನ ಮದುವೆಯಲ್ಲೂ ಹೋಗಿ ತುದಿಗೆ ನಿಂತಿದ್ದೆ. ಮದುಮಗಳು ನೀನೇ ಅಂತ ನಮ್ಮವರು ಕೈ ಹಿಡಿದು ಎಳೀಬೇಕಾಯ್ತು." ಇದಕ್ಕೆ ಯಾರೂ ನಗಲಿಲ್ಲ.

ತಟ್ಟೆ ತೆಗೆದ ತಕ್ಷಣ ನಾನು ಬಾಯಿ ಒರೆಸಿಕೊಳ್ಳದೇ ಹೇಳಿಬಿಟ್ಟೆ, "ಆ ಮಾತು ಹೇಳಿದ್ದು ನಾನು, ನನ್ನ ತಂಗಿ ಅಲ್ಲ" ಅಂತ. ಅವಳು ಅಚ್ಚನ್ನ ಬೆಳಕಿಗೆ ಹಿಡಿದು ನೋಡ್ತಿದ್ದಳು. "ಗೊತ್ತು. ನಿಮ್ಮ ತಂಗಿ ಬಟ್ಟೆ ತಂದದ್ದೂ ಗೊತ್ತು. ಅಕ್ಕ ತಂಗಿ ಈ ವಯಸ್ಸಲ್ಲಿ ಗೊಂಬೆಗೆ ಜಗಳ ಆಡ್ತಿದ್ದೀರಲ್ಲ. ನನ್ನನ್ನ ಗೊಂಬೆ ಮಾಡಬೇಡಿ" ಅಂದಳು. ಕ್ಷಮಿಸಿ ಅಂದೆ. "ಬುಧವಾರ ಬನ್ನಿ, ಹಲ್ಲು ರೆಡಿ ಇರತ್ತೆ" ಅಂದಳು.

ಬಣ್ಣ ನೋಡೋಕೆ ಒಂದು ಪಟ್ಟಿ ತಂದಳು, ಅದರಲ್ಲಿ ಹದಿನಾರು ಹಲ್ಲು, ಹದಿನಾರು ಥರದ ಬಿಳಿ. ನಾನು ಎಲ್ಲಕ್ಕಿಂತ ಬೆಳ್ಳಗಿರೋದನ್ನ ತೋರಿಸಿದೆ. "ಅದು ಹಾಕಿದ್ರೆ ಬಾಯಿ ಹೊಸಾ ಬಾತ್‌ರೂಮ್ ಥರ ಕಾಣತ್ತೆ" ಅಂದು, ನನ್ನ ತುಟಿ ಎತ್ತಿ ಹಳದಿಗೆ ತಿರುಗಿದ ಒಂದನ್ನ ಆರಿಸಿದಳು. ಆಗ ಇನ್ನೊಂದು ಪ್ರಶ್ನೆ ಕೇಳಿದಳು. ಅದನ್ನ ಈಗ ಬರೆಯಲ್ಲ.

ಅಕ್ಕ


ಜುಲೈ 12

ಅಕ್ಕ,

ಮೂರು ಸಲ ಅಲ್ಲ, ನಾಲ್ಕು ಸಲ. ಒಂದು ಸಲ ಮೆಟ್ಟಿಲು ಹತ್ತಿ ಬಾಗಿಲ ತನಕ ಹೋಗಿದ್ದೆ. ಒಳಗೆ ಯಾರೋ ನಗೋದು ಕೇಳಿಸ್ತು. ಅವಳೇ ಇರಬೇಕು ಅನ್ನಿಸ್ತು. ನಗ್ತಿರೋಳ ಮುಂದೆ ಹೋಗಿ ಏನು ಹೇಳಲಿ ಅಂತ ಗೊತ್ತಾಗದೆ ಇಳಿದು ಬಂದೆ.

ನೀನು ಹೋದೆ. ಮೂರು ನಿಮಿಷ ಅವಳ ಕೈ ನಿನ್ನ ಮುಖದ ಮೇಲಿತ್ತು. ಅವಳು ನಿನ್ನನ್ನ ಬೈದಳು. ನನಗೆ ಎಷ್ಟು ಹೊಟ್ಟೆ ಉರೀತಿದೆ ಅಂದ್ರೆ ಎರಡು ದಿನ ಊಟ ಸರಿಯಾಗಿ ಇಳಿದಿಲ್ಲ. ಈ ಕೆಲಸಕ್ಕೆ ಇಪ್ಪತ್ತು ವರ್ಷ ಕೊಟ್ಟವಳು ನಾನು. ಅವಳ ಬಗ್ಗೆ ಸಾವಿರ ಜನರ ಮುಂದೆ ಮಾತಾಡಿದ್ದೀನಿ, ಅವಳ ಎದುರು ಒಂದು ಮಾತಾಡಿಲ್ಲ. ನೀನು ಬಸ್ಸು ಹತ್ತಿ ಹೋಗಿ ಕೂತುಬಿಟ್ಟೆ.

ಕ್ಷಮಿಸಿದಳಾ ಇಲ್ಲವಾ ಅಂತ ಸರಿಯಾಗಿ ಹೇಳು. ಕೊನೇಲಿ ಏನು ಕೇಳಿದಳು? ನನ್ನ ಬಗ್ಗೆ ತಾನೆ? ಪಾಠ ತೆಗೆದು ಹಾಕಿ ಅಂದಳಾ? ನೀನು ಏನೋ ಮುಚ್ಚಿಡ್ತಿದ್ದೀಯ, ನನ್ನನ್ನ ಸತಾಯಿಸೋಕೆ ಅಂತಲೇ ಮುಚ್ಚಿಡ್ತಿದ್ದೀಯ.

ಹತ್ತನೇ ತಾರೀಖು ದಾಟಿತು. ಪ್ರೆಸ್‌ನವರು ಇನ್ನೊಂದು ವಾರ ಕಾಯ್ತಾರಂತೆ. ನೀನು ಹೇಳಿದ ಹಾಗೇ ಸಾಲು ತಿದ್ದಿ ಬರೆದಿದ್ದೀನಿ, ಜೊತೆಗಿಟ್ಟಿದ್ದೀನಿ, ನೋಡು. "ಆ ಮಾತು ಹೇಳಿದವಳು ನನ್ನ ಅಕ್ಕ. ಬಟ್ಟೆ ತಂದವಳು ನಾನು." ಗೆದ್ದೆಯಲ್ಲ, ಸಾಕಾ? ಈಗಲಾದ್ರೂ ಫೋಟೋ ಕಳಿಸು.

ಗುಬ್ಬಿ


ಜುಲೈ 18

ಗುಬ್ಬಿ,

ಹಲ್ಲು ಬಂತು. ಪಕ್ಕದ ಹಲ್ಲಿಗೆ ಎಷ್ಟು ಹೊಂದಿದೆ ಅಂದ್ರೆ ಯಾವುದು ಹೊಸದು ಅಂತ ನಿಮ್ಮ ಭಾವನಿಗೂ ಗೊತ್ತಾಗಲಿಲ್ಲ. ಅವರು ಹಲ್ಲು ಹೋಗಿದ್ದನ್ನೇ ನೋಡಿರಲಿಲ್ಲ, ಆ ಮಾತು ಬೇರೆ.

ಕ್ಷಮಿಸಿದಳಾ ಅಂತ ಕೇಳ್ತೀಯ. ನನಗೆ ಗೊತ್ತಿಲ್ಲ. ಬುಧವಾರ ಹೋದಾಗ ಮತ್ತೆ ಕೇಳೋಕೆ ಬಾಯಿ ಬರಲಿಲ್ಲ. ಅವಳು ಹಲ್ಲು ಕೂರಿಸಿ, ಕಚ್ಚಿ ತೋರಿಸಿ ಅಂದು, ಕನ್ನಡಿ ಕೊಟ್ಟಳು ಅಷ್ಟೇ. ಅವಳು ಮೊದಲ ದಿನ ಕೊನೇಲಿ ಕೇಳಿದ್ದು ನಿನ್ನ ಬಗ್ಗೆ ಅಲ್ಲ. ಬಣ್ಣದ ಪಟ್ಟಿ ಮಡಚಿ ಇಡ್ತಾ, "ನೀವು ಟೀಚರ್ ಅಂದ್ರಲ್ಲ. ನಿಮ್ಮ ಸ್ಕೂಲಲ್ಲಿ ಫೋಟೋ ತೆಗೆಯೋವಾಗ ಯಾರು ಎಲ್ಲಿ ನಿಲ್ಲಬೇಕು ಅಂತ ಯಾರು ಹೇಳ್ತಾರೆ?" ಅಂದಳು. "ನಾನೇ" ಅಂದೆ, ಸ್ವಲ್ಪ ಹೆಮ್ಮೆಯಿಂದಲೇ ಅಂದೆ. "ಹೌದಾ" ಅಂದು ಮುಂದಿನವರನ್ನ ಕರೆದಳು.

ಅವತ್ತೇ ಬಸ್ಸಿಳಿದು ನೇರ ಸ್ಕೂಲಿಗೆ ಹೋದೆ. ಮಕ್ಕಳು ಮನೆಗೆ ಹೋಗಿದ್ರು, ಆಯಾ ಗುಡಿಸ್ತಿದ್ದಳು. ನಮ್ಮ ಸ್ಕೂಲಿನ ಉದ್ದ ವರಾಂಡಾದಲ್ಲಿ ವರ್ಷಕ್ಕೊಂದರ ಹಾಗೆ ಫೋಟೋ ತೂಗು ಹಾಕಿದ್ದೀವಿ, ನೀನು ನೋಡಿದ್ದೀಯ. ನಾನು ಸೇರಿದ ಮೇಲಿನವು ಇಪ್ಪತ್ತೆಂಟು. ದಿನಾ ಅದರ ಮುಂದೆ ಓಡಾಡ್ತೀನಿ. ಅವತ್ತು ಕನ್ನಡಕ ಹಾಕ್ಕೊಂಡು ಒಂದೊಂದರ ಮುಂದೂ ನಿಂತೆ.

ಎಡ ತುದಿ ಗುಬ್ಬಿ. ಒಂದಾದ ಮೇಲೆ ಒಂದು, ಹಿಂದಿನ ಸಾಲಿನ ಎಡ ತುದಿ, ಹುಣಸೆ ಮರದ ನೆರಳು ಬೀಳೋ ಕಡೆ. ಕಪ್ಪು ಮಕ್ಕಳೆಲ್ಲ ಅಲ್ಲೇ. ಹೊರಗಿಂದ ಬಂದವರ ಮಕ್ಕಳೆಲ್ಲ ಅಲ್ಲೇ. ಒಂದರಲ್ಲಿ ಮುಖ ಅರ್ಧ, ಒಂದರಲ್ಲಿ ಬರೀ ಭುಜ. ನಾನು ಬೇಕಂತ ಮಾಡಿದ್ದಲ್ಲ. ಸೇರಿದ ವರ್ಷ ಫೋಟೋಗ್ರಾಫರ್ ಹೇಳಿದ್ದ, ಕಪ್ಪಗಿರೋರು ನೆರಳಿಗೆ ಇರಲಿ, ಮಧ್ಯದವರ ಮುಖ ಚೆನ್ನಾಗಿ ಬರತ್ತೆ ಅಂತ. ಕೆಲಸದ ಗುಟ್ಟು ಅಂದುಕೊಂಡು ಕಲಿತೆ. ಕ್ಯಾಮೆರಾ ಬದಲಾಯ್ತು, ಫೋಟೋಗ್ರಾಫರ್ ಬದಲಾದ, ನಾನು ಮಾತ್ರ ವರ್ಷಾ ವರ್ಷಾ ಭುಜ ಹಿಡಿದು, "ನೀನು ಆ ಕಡೆ ಹೋಗು ಕಂದ" ಅಂತ ಕಳಿಸಿದ್ದೀನಿ. ಕಂದ ಅಂತಲೇ ಕರೆದೆ ಕಣೇ. ಈಚಿನ ವರ್ಷಗಳಲ್ಲಿ ಅದನ್ನೂ ಹೇಳಬೇಕಾಗಿರಲಿಲ್ಲ, ನನ್ನ ಮುಖ ನೋಡಿ ತಾವಾಗೇ ಹೋಗಿ ನಿಲ್ತಿದ್ರು.

ಬೇಕಂತ ಮಾಡಿಲ್ಲ ಅಂತ ನನ್ನನ್ನ ನಾನೇ ಸಮಾಧಾನ ಮಾಡಿಕೊಳ್ತಿದ್ದೆ. ಆಗ ಎರಡು ಫೋಟೋ ಸಿಕ್ಕಿದವು. ಒಂದು ನಾನು ಹೆರಿಗೆ ರಜೆಯಲ್ಲಿದ್ದ ವರ್ಷದ್ದು, ಇನ್ನೊಂದು ಕಾಲು ಮುರಿದುಕೊಂಡ ವರ್ಷದ್ದು. ಅವೆರಡರಲ್ಲೂ ಮಕ್ಕಳು ಹೇಗೆ ಬೇಕೋ ಹಾಗೆ ನಿಂತಿದ್ದಾರೆ. ಒಂದರಲ್ಲಿ ಇಡೀ ಸ್ಕೂಲಿಗೇ ಕಪ್ಪಗಿದ್ದ ಹುಡುಗಿ ಮುಂದಿನ ಸಾಲಿನ ಮಧ್ಯ, ಹೆಡ್‌ಮಿಸ್ ಪಕ್ಕ, ಬಾಯಿ ತುಂಬ ನಗ್ತಿದ್ದಾಳೆ. ಮುಖ ಎಷ್ಟು ಚೆನ್ನಾಗಿ ಬಂದಿದೆ ಅಂದ್ರೆ ರೆಪ್ಪೆ ಎಣಿಸಬಹುದು. ಅದರ ಮರುವರ್ಷದ ಫೋಟೋ ನೋಡಿದೆ, ನಾನು ರಜೆ ಮುಗಿಸಿ ಬಂದ ವರ್ಷದ್ದು. ಅದೇ ಹುಡುಗಿ ಎಡ ತುದಿಯಲ್ಲಿದ್ದಾಳೆ, ನಗ್ತಿಲ್ಲ.

ಈ ಸಲದ್ದು ಫೆಬ್ರವರಿಯಲ್ಲಿ ತೆಗೆಸಿದ್ದು. ಮೂರನೇ ಕ್ಲಾಸಲ್ಲಿ ಒಬ್ಬಳಿದ್ದಾಳೆ, ಅವಳ ಅಮ್ಮ ದೂರದಿಂದ ಬಂದು ಇಲ್ಲಿ ಆಸ್ಪತ್ರೆಯಲ್ಲಿ ಕೆಲಸ ಮಾಡ್ತಾರೆ. ಫೋಟೋ ಹಂಚಿದ ದಿನ ಅವಳು ಓಡಿ ಬಂದು, "ಮಿಸ್, ನನ್ನ ಇನ್ನೊಂದು ಕಣ್ಣು ಎಲ್ಲಿ?" ಅಂದಳು. "ನೀನು ಅಲ್ಲಾಡಿದೆ, ಅದಕ್ಕೇ" ಅಂದಿದ್ದೆ. ಅವಳು ಅಲ್ಲಾಡಿರಲಿಲ್ಲ.

ನಾನೂ ಚಪ್ಪಾಳೆ ತಟ್ಟಿದೆ ಅಂತ ಬರೆದಿದ್ದೆನಲ್ಲ, ಆ ಟ್ರೇನಿಂಗಿನ ಹಾಲ್ ಇರೋದು ಈ ವರಾಂಡಾದ ಕೊನೇಲಿ. ಆ ಫೋಟೋಗಳನ್ನೆಲ್ಲ ದಾಟಿಕೊಂಡೇ ಒಳಗೆ ಹೋಗಿದ್ದೆ, ದಾಟಿಕೊಂಡೇ ಹೊರಗೆ ಬಂದಿದ್ದೆ. ನಿನ್ನ ಮೇಲೆ ಹೊಟ್ಟೆ ಉರಿದುಕೊಂಡು ಬಂದೆ, ಅತ್ತ ಇತ್ತ ನೋಡಲಿಲ್ಲ.

ಇವತ್ತು ಬೆಳಿಗ್ಗೆ ಆ ಮೂರನೇ ಕ್ಲಾಸಿನವಳನ್ನ ಕರೆದು ಹೇಳಿದೆ, "ನೀನು ಅಲ್ಲಾಡಲಿಲ್ಲ, ನಾನು ನಿನ್ನನ್ನ ತಪ್ಪು ಜಾಗದಲ್ಲಿ ನಿಲ್ಲಿಸಿದೆ" ಅಂತ. ಅವಳು, "ಮತ್ತೆ ಸುಳ್ಳು ಯಾಕೆ ಹೇಳಿದ್ರಿ?" ಅಂದಳು. ಮತ್ತೆ ಫೋಟೋ ತೆಗೆಸ್ತೀವಿ, ಎಲ್ಲಿ ನಿಲ್ತೀಯ ಅಂತ ಕೇಳಿದೆ. "ನೀವು ಇರಲ್ಲ ತಾನೆ?" ಅಂದಳು. ಈ ಸಲ ನಾನೇ ಬಿಳಿ ಬಟ್ಟೆ ಹಿಡಿದು ನಿಂತೆ ಅಂತ ಬರೆದಿದ್ರೆ ನಿನ್ನ ಪಾಠಕ್ಕೆ ಒಳ್ಳೇ ಮುಕ್ತಾಯ ಆಗ್ತಿತ್ತೇನೋ. ಹಾಗಿಲ್ಲ. ಫೋಟೋ ತೆಗೆಯೋ ದಿನ ನಾನು ಸ್ಟಾಫ್ ರೂಮಲ್ಲಿ ಕೂತಿರ್ತೀನಿ.

ಶನಿವಾರ ಟೀಚರುಗಳ ಮೀಟಿಂಗ್ ಇದೆ. ಆ ಫೋಟೋಗಳನ್ನ ಗೋಡೆಯಿಂದ ಇಳಿಸಿ ಟೇಬಲ್ ಮೇಲೆ ಸಾಲಾಗಿ ಇಡ್ತೀನಿ ಅಂತ ಹೆಡ್‌ಮಿಸ್‌ಗೆ ಹೇಳಿದೆ. "ಯಾಕೆ, ಇಷ್ಟು ವರ್ಷ ಆದ ಮೇಲೆ? ಪೇರೆಂಟ್ಸ್ ಏನಂತಾರೆ?" ಅಂದರು. ಈ ಸಲ ಅವರ ಕಣ್ಣಲ್ಲಿ ನೀರು ಬರಲಿಲ್ಲ. ಸಿಟ್ಟು ಬಂತು. ಕೆಲಸಕ್ಕೆ ಕುತ್ತು ಬರಬಹುದು, ಬರಲಿ. ಯಾರೂ ಚಪ್ಪಾಳೆ ತಟ್ಟಲ್ಲ ಅನ್ನೋದಂತೂ ಗ್ಯಾರಂಟಿ. ಬೇಕಿದ್ರೆ ನೀನೂ ಬಾ, ಆದರೆ ಕೊನೇ ಸಾಲಲ್ಲಿ ಕೂತ್ಕೊ. ಮೈಕ್ ಕೇಳಬೇಡ.

ನೀನು ತಿದ್ದಿ ಕಳಿಸಿದ ಸಾಲು ನೋಡಿದೆ. ಮೊದಲು ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನ ಅಚ್ಚು ಹಾಕೋ ಮುಂಚೆ ಆ ರಸ್ತೆ ದಾಟಿ ಮೆಟ್ಟಿಲು ಹತ್ತು, ನಾಲ್ಕು ಸಲ ಹೋದವಳಿಗೆ ಐದನೇದು ಕಷ್ಟ ಅಲ್ಲ. ಅವಳನ್ನ ಕೇಳು. ಅವಳು ಬೇಡ ಅಂದ್ರೆ ಪಾಠ ಬೇಡ. ಬೇಕಿದ್ರೆ ಇರಲಿ ಅಂದ್ರೆ, ಅಳ್ತಾ ಹೋದಳು ಅನ್ನೋದನ್ನ ತೆಗೆದು, ನನ್ನ ಕಣ್ಣಿಗೆ ಬಿಸಿಲು ಬಿಟ್ಟಳು ಅಂತ ಹಾಕು.

ಫೋಟೋ ಈ ಕಾಗದದ ಜೊತೆ ಕಳಿಸ್ತಿದ್ದೀನಿ, ರಟ್ಟಿನ ಮಧ್ಯ ಇಟ್ಟಿದ್ದೀನಿ, ಮಡಚಿಲ್ಲ. ಪಾಠ ಬರೆಯೋ ಪಕ್ಷಕ್ಕೆ ಆ ಮಾತು ನಾನು ಹೇಳಿದೆ ಅಂತಾನಾದ್ರೂ ಬರಿ, ನೀನು ಹೇಳಿದೆ ಅಂತಾನಾದ್ರೂ ಬರಿ. ಅಷ್ಟು ಜಗಳ ಆಡಿ ಆ ಪಾಪಾನ ವಾಪಸ್ ಕೇಳಿದ್ದೆನಲ್ಲ, ಬೇಡ ಗುಬ್ಬಿ, ನೀನೇ ಇಟ್ಕೋ. ಆ ಎರಡು ವರ್ಷ ಬಿಟ್ರೂ ಗೋಡೆ ಮೇಲೆ ನನ್ನವೇ ಇಪ್ಪತ್ತಾರಿವೆ.

ನಿನ್ನ ಅಕ್ಕ